ಮಕ್ಕಳ ಕಣ್ಣಿಗೆಂದು ಮಾರುವ ಸಾಮಾನು: ವರ್ಷದ ಲೆಕ್ಕದಲ್ಲಿ ಯಾವುದು ಬೇಕು, ಯಾವುದು ದಂಡ

ಬೇಸಿಗೆ ಬಂತೆಂದರೆ ಜಾತ್ರೆಯ ತಳ್ಳುಗಾಡಿಯಲ್ಲಿ ಪುಟಾಣಿ ಕೂಲಿಂಗ್ ಗ್ಲಾಸುಗಳ ಸಾಲು. ಶಾಲೆ ಶುರುವಾಗುವ ಹೊತ್ತಿಗೆ ಕನ್ನಡಕದ ಅಂಗಡಿಯಲ್ಲಿ ಆಫರು. ಮಳೆ ಹಿಡಿದು ಮದ್ರಾಸ್ ಐ ಸುದ್ದಿಯಾದರೆ ಮೆಡಿಕಲ್ ಶಾಪಿನ ಗಲ್ಲಾದ ಪಕ್ಕದಲ್ಲೇ ಡ್ರಾಪ್ಸು. ಇವುಗಳಲ್ಲಿ ಕೆಲವು ನಿಜಕ್ಕೂ ಬೇಕು, ಕೆಲವಕ್ಕೆ ಕೊಟ್ಟ ದುಡ್ಡು ದಂಡ, ಒಂದೆರಡಂತೂ ಮಗುವಿನ ಕಣ್ಣನ್ನೇ ಕೆಡಿಸಬಲ್ಲವು. ಯಾವುದು ಯಾವ ಗುಂಪಿಗೆ ಎಂದು ತಿಳಿಯಲು ಅಂಗಡಿಯವರ ಮಾತಿಗಿಂತ ಸಾಮಾನಿನ ಮೇಲಿರುವ ಸಣ್ಣ ಅಕ್ಷರ ಹೆಚ್ಚು ನಂಬಿಕಸ್ಥ. ಕಡ್ಡಿಯ ಒಳಬದಿಯ ಅಂಕಿ, ಲೆನ್ಸ್ ಬಂದ ಕವರು, ಡ್ರಾಪ್ಸ್ ಡಬ್ಬಿಯ ಮೇಲಿನ ಔಷಧಿಯ ಹೆಸರು: ಈ ವಿಮರ್ಶೆ ಇವನ್ನು ಓದಿಯೇ ಬರೆದದ್ದು.

ಕನ್ನಡಕ: ಮೇ ತಿಂಗಳ ಕೆಲಸ

ಕನ್ನಡಕಕ್ಕಿಂತ ಮೊದಲು ಪರೀಕ್ಷೆ. ಅಂಗಡಿಯ ‘ಕಂಪ್ಯೂಟರ್ ಟೆಸ್ಟ್’ ದೊಡ್ಡವರಿಗೆ ಒಂದು ಅಂದಾಜು ಕೊಡುತ್ತದೆ, ಮಕ್ಕಳಿಗೆ ಅದೊಂದನ್ನೇ ನಂಬುವಂತಿಲ್ಲ. ಮಕ್ಕಳ ಕಣ್ಣಿನಲ್ಲಿ ಫೋಕಸ್ ಮಾಡುವ ಸ್ನಾಯು ಬಲು ಚುರುಕು. ಯಂತ್ರದೊಳಗಿನ ಚಿತ್ರವನ್ನು ನೋಡುವಾಗ ಅದು ಬಿಗಿದುಕೊಳ್ಳುತ್ತದೆ, ಇಲ್ಲದ ಮೈನಸ್ ನಂಬರ್ ಚೀಟಿಯ ಮೇಲೆ ಬರುತ್ತದೆ. ಪ್ಲಸ್ ಬೇಕಿದ್ದ ಮಗುವಿಗೆ ಮೈನಸ್ ಬರೆದು ಕಳಿಸುವ ಎಡವಟ್ಟಿಗೂ ಇದೇ ಕಾರಣ. ಸ್ನಾಯುವನ್ನು ಸಡಿಲಿಸಲು ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ ನೋಡಿದ ಪವರೇ ಸರಿಯಾದ ಪವರ್. ತೀರಾ ಚಿಕ್ಕವರಿಗೆ ಮೂರು ದಿನ ಅಟ್ರೋಪಿನ್ ಮುಲಾಮು ಹಚ್ಚಿಸಿ ಕರೆಸುತ್ತಾರೆ. ಸ್ವಲ್ಪ ದೊಡ್ಡವರಿಗೆ ಆ ದಿನವೇ ಸೈಕ್ಲೋಪೆಂಟೊಲೇಟ್ ಅಥವಾ ಹೋಮಟ್ರೋಪಿನ್ ಹನಿ. ಅಟ್ರೋಪಿನ್ ಹಚ್ಚಿದರೆ ವಾರ, ಹತ್ತು ದಿನ ಹತ್ತಿರದ್ದು ಮಸುಕು, ಬಿಸಿಲಿಗೆ ಕಣ್ಣು ಬಿಡಲಾಗದು. ಅದಕ್ಕೇ ಈ ಕೆಲಸವನ್ನು ರಜೆಯಲ್ಲಿ ಮುಗಿಸಿಬಿಡಬೇಕು, ಪುಸ್ತಕ ತೆರೆದ ಮೇಲಲ್ಲ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಸೋಮಾರಿಯಾಗಿದ್ದರೆ, ಅಂದರೆ ಅದರ ನೋಟ ಸರಿಯಾಗಿ ಬೆಳೆಯದೆ ಹಿಂದುಳಿದಿದ್ದರೆ, ಮಗು ದೂರು ಹೇಳುವುದೇ ಇಲ್ಲ. ಹೀಗಾಗಿ ಶಾಲೆಗೆ ಸೇರಿಸುವ ಮೊದಲು ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ತೋರಿಸುವುದು ಲೇಸು. ಸೋಮಾರಿ ಕಣ್ಣನ್ನು ದುಡಿಸಲು ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆ ಏಳೆಂಟು ವಯಸ್ಸಿನೊಳಗೆ ಹಿಡಿದಷ್ಟು ಚೆನ್ನಾಗಿ ಆಮೇಲೆ ಹಿಡಿಯುವುದಿಲ್ಲ.

ಈಗ ಫ್ರೇಮ್. ಕಡ್ಡಿಯ ಒಳಬದಿಯಲ್ಲಿ ಮೂರು ಅಂಕಿ ಇರುತ್ತವೆ, ಉದಾಹರಣೆಗೆ 44, 16, 125. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲಿನ ಸೇತುವೆ, ಮೂರನೆಯದು ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರಿನಲ್ಲಿ. ಮೊದಲೆರಡನ್ನು ಕೂಡಿಸಿ, ಇಲ್ಲಿ 60. ಆ ಮೊತ್ತ ಮಗುವಿನ ಎರಡು ಪಾಪೆಗಳ ನಡುವಿನ ಅಂತರಕ್ಕೆ, ಅಂದರೆ ಪಿ.ಡಿ.ಗೆ, ಹತ್ತಿರ ಇದ್ದಷ್ಟೂ ಒಳ್ಳೆಯದು. ಪಿ.ಡಿ. 52 ಇರುವ ಮಗುವಿಗೆ 60ರ ಫ್ರೇಮ್ ಹಾಕಿದರೆ ಪ್ರತಿ ಕಣ್ಣಿಗೂ ಲೆನ್ಸನ್ನು 4 ಮಿ.ಮೀ. ಒಳಕ್ಕೆ ಸರಿಸಿ ಕೂರಿಸಬೇಕು. ‘ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ’ ಎಂದು ಯೂನಿಫಾರ್ಮ್ ಹೊಲಿಸಿದಂತೆ ಕನ್ನಡಕ ಕೊಂಡರೆ ಕೆಡುವುದು ಇಲ್ಲೇ. ಸರಿಸದೆ ಹಾಗೇ ಕೂರಿಸಿದರೆ ಮೈನಸ್ 4 ಪವರಿನಲ್ಲಿ ಬರೀ 3 ಮಿ.ಮೀ. ತಪ್ಪಿಗೆ ಒಂದೊಂದು ಕಣ್ಣಿನ ಮೇಲೆ 1.2 ಪ್ರಿಸಂನಷ್ಟು (ಬೆಳಕು ಪಕ್ಕಕ್ಕೆ ಬಾಗುವುದರ ಅಳತೆ) ಎಳೆತ ಬೀಳುತ್ತದೆ. ಹೊಸ ಕನ್ನಡಕ ಹಾಕಿದರೆ ತಲೆನೋವು ಎಂದು ಮಗು ಹಟ ಮಾಡಿದರೆ ಅದನ್ನು ಸೋಗು ಎನ್ನುವ ಮೊದಲು ಇದನ್ನು ಪರೀಕ್ಷಿಸಿ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬಿಳಿ ಹಾಳೆಯ ಮೇಲೆ ಸ್ಕೇಲಿಟ್ಟು ದೊಡ್ಡದೊಂದು ಕೂಡುಚಿಹ್ನೆ ಎಳೆಯಿರಿ. ಕನ್ನಡಕವನ್ನು ಹಾಳೆಯಿಂದ ಒಂದು ಗೇಣು ಮೇಲೆ ಮಟ್ಟವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೇರ ಮೇಲಿಂದ ನೋಡಿ. ಗಾಜಿನ ಒಳಗೆ ಕಾಣುವ ಗೆರೆಯೂ ಹೊರಗಿನ ಗೆರೆಯೂ ಮುರಿಯದೆ ಒಂದೇ ಸಾಲಿಗೆ ಬರುವ ತನಕ ಕನ್ನಡಕವನ್ನು ಸರಿಸಿ. ಎರಡೂ ಗೆರೆ ಕೂಡಿದ ಜಾಗಕ್ಕೆ ಸ್ಕೆಚ್ ಪೆನ್ನಿನ ಚುಕ್ಕೆ ಇಡಿ, ಇನ್ನೊಂದು ಗಾಜಿಗೂ ಹಾಗೇ. ಎರಡು ಚುಕ್ಕೆಗಳ ಅಂತರ ಚೀಟಿಯಲ್ಲಿರುವ ಪಿ.ಡಿ.ಗೆ ಒಂದೆರಡು ಮಿ.ಮೀ. ಒಳಗೆ ಹೊಂದಬೇಕು. ಪವರಿನಲ್ಲಿ ಸಿಲಿಂಡರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಸೇರುವ ಪವರ್, ಇದ್ದರೆ ಗೆರೆ ಓರೆಯಾಗಿ ಕಾಣಬಹುದು. ಆಗ ಅಂಗಡಿಯಲ್ಲಿ ಗಾಜಿನ ಪವರ್ ಅಳೆಯುವ ಲೆನ್ಸ್‌ಮೀಟರಿನಲ್ಲೇ ನೋಡಿಸಿ, ಆ ದಿಕ್ಕನ್ನು ಹೇಳುವ ಆಕ್ಸಿಸ್ ಅಂಕಿಯನ್ನೂ ಚೀಟಿಗೆ ಹೋಲಿಸಿ. ಚೀಟಿಯಲ್ಲಿ ಪಿ.ಡಿ. ಬರೆದೇ ಇಲ್ಲವೆಂದರೆ ಬರೆಸಿಕೊಳ್ಳಿ.

ನಮ್ಮ ಮಕ್ಕಳ ಮೂಗಿನ ದಿಂಡು ಚಿಕ್ಕವಯಸ್ಸಿನಲ್ಲಿ ಚಪ್ಪಟೆ. ಕನ್ನಡಕ ಜಾರಿ ಮೂಗಿನ ತುದಿಗೆ ಬಂದರೆ ಮಗು ಗಾಜಿನ ಮೇಲಿನಿಂದ ನೋಡುತ್ತದೆ, ಕೊಂಡೂ ಕೊಳ್ಳದಂತೆ. ಅಂಗಡಿಯಲ್ಲೇ ತಲೆ ಬಗ್ಗಿಸಿ ಎರಡು ಸಲ ಅಲ್ಲಾಡಿಸಲು ಹೇಳಿ. ಜಾರಿದರೆ ಕಿವಿಯ ಹಿಂದೆ ಕಡ್ಡಿ ಬಾಗುವ ಜಾಗವನ್ನು ಬಿಸಿ ಮಾಡಿ ಬಗ್ಗಿಸಿಕೊಡಬೇಕು, ಇಲ್ಲವೇ ಬೇರೆ ಫ್ರೇಮ್. ನಾಲ್ಕು ವರ್ಷದೊಳಗಿನವರಿಗೆ ಸ್ಕ್ರೂ ಇಲ್ಲದ, ತಲೆಯ ಹಿಂದೆ ಪಟ್ಟಿ ಇರುವ ಬಾಗುವ ಫ್ರೇಮ್ ಒಳ್ಳೆಯದು. ಅದರ ದೋಷವೂ ಆ ಬಾಗುವ ಗುಣವೇ: ಮಗು ತಿರುಚಿ ಆಡಿದರೆ ಗಾಜು ಕಳಚಿ ಬರುತ್ತದೆ. ಕೊಳ್ಳುವಾಗ ನೀವೇ ಒಮ್ಮೆ ತಿರುಚಿ ನೋಡಿ.

ಗಾಜಿನ ವಿಷಯದಲ್ಲಿ ಒಂದು ಪದಕ್ಕೆ ಮೋಸ ಹೋಗಬೇಡಿ. ‘ಅನ್‌ಬ್ರೇಕಬಲ್’ ಅಂದರೆ ಬಹಳಷ್ಟು ಅಂಗಡಿಗಳ ಭಾಷೆಯಲ್ಲಿ ಗಾಜಲ್ಲದ ಯಾವುದೇ ಪ್ಲಾಸ್ಟಿಕ್. ಮಕ್ಕಳಿಗೆ ಬೇಕಾದ್ದು ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್. ಕವರಿನ ಮೇಲೆ ಇಂಡೆಕ್ಸ್ 1.59 ಇದ್ದರೆ ಪಾಲಿಕಾರ್ಬೊನೇಟ್, 1.53 ಇದ್ದರೆ ಟ್ರೈವೆಕ್ಸ್. 1.50 ಮಾಮೂಲಿ ಪ್ಲಾಸ್ಟಿಕ್. 1.56 ಎಂದಿದ್ದರೆ ತೆಳ್ಳಗಿರುತ್ತದೆ, ಸಲೀಸಾಗಿ ಸಿಗುತ್ತದೆ, ಆದರೆ ಪೆಟ್ಟಿಗೆ ಸೀಳುವ ಜಾತಿ. ಆಡುವ ಮಗುವಿಗೆ ಅದು ಬೇಡ. ಚಿನ್ನಿದಾಂಡು, ಕ್ರಿಕೆಟ್, ಬಸ್ಸಿನ ಸೀಟಿನ ಕಂಬಿ ಇವುಗಳ ನಡುವೆ ಬೆಳೆಯುವ ಮಗುವಿಗೆ ಗಾಜು ಚೂರಾಗದಿರುವುದು ಗಾಜು ತೆಳ್ಳಗಿರುವುದಕ್ಕಿಂತ ಮುಖ್ಯ. ಪಾಲಿಕಾರ್ಬೊನೇಟ್ ತನ್ನಷ್ಟಕ್ಕೆ ತಾನೇ ನೇರಳಾತೀತ ಕಿರಣವನ್ನೂ ತಡೆಯುತ್ತದೆ, ಅದಕ್ಕೆಂದು ಬೇರೆ ಕೋಟಿಂಗಿಗೆ ದುಡ್ಡು ಕೊಡಬೇಕಿಲ್ಲ. ಅದರ ಕೊರತೆ ಎರಡು: ಬೇಗ ಗೀರು ಬೀಳುತ್ತದೆ, ಪವರ್ ಹೆಚ್ಚಿದ್ದರೆ ಅಂಚಿನಲ್ಲಿ ಬಣ್ಣದ ಎಳೆ ಕಾಣುತ್ತದೆ. ಹಾರ್ಡ್ ಕೋಟ್ ಬಿಲ್ಲಿನಲ್ಲಿ ಇರಲಿ. ಒರೆಸುವ ಮೊದಲು ನೀರಿನಲ್ಲಿ ಧೂಳು ತೊಳೆಯಬೇಕು, ಅಂಗಿಯ ಚುಂಗಿನಿಂದ ಒಣಗಿದಂತೇ ಉಜ್ಜಬಾರದು. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಕೋಟಿಂಗ್ ಬಲೆಬಲೆಯಾಗಿ ಒಡೆಯುತ್ತದೆ, ಮತ್ತೆ ಸರಿಯಾಗದು.

ಮೊಬೈಲಿನ ನೀಲಿ ಬೆಳಕು ತಡೆಯುತ್ತದೆ ಎನ್ನುವ ಬ್ಲೂ ಕಟ್ ಗಾಜು ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಬಲವಂತದಿಂದ ಮಾರಾಟವಾಗುವ ವಸ್ತು. ಪೆನ್ನಿನಂಥ ಟಾರ್ಚಿನಿಂದ ನೇರಳೆ ಬೆಳಕನ್ನು ಗಾಜಿನ ಮೇಲೆ ಬಿಟ್ಟು, ಆಚೆ ಕಾರ್ಡಿನ ಮೇಲೆ ಬೀಳದ್ದನ್ನು ತೋರಿಸುತ್ತಾರೆ. ಆಟ ಚೆನ್ನಾಗಿದೆ. ಆದರೆ ಆ ಟಾರ್ಚಿನ ಬೆಳಕು ಬೇರೆ, ಮೊಬೈಲಿನಿಂದ ಬರುವ ನೀಲಿ ಬೆಳಕಿನ ಬಹುಪಾಲು ಬೇರೆ. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಕಣ್ಣಿನ ಆಯಾಸದಲ್ಲಿ ಮಾಮೂಲಿ ಗಾಜಿಗಿಂತ ಅಲ್ಪಾವಧಿಯಲ್ಲಿ ಲಾಭವೇನೂ ಕಾಣಲಿಲ್ಲ. ಮೊಬೈಲ್ ನೋಡಿ ಕಣ್ಣು ಉರಿಯುವುದು ಕಣ್ಣು ಮಿಟುಕಿಸದೆ ನೋಡುವುದರಿಂದ, ಅಂಗೈ ಅಗಲದ ದೂರದಲ್ಲಿ ಹಿಡಿಯುವುದರಿಂದ. ಬ್ಲೂ ಕಟ್ ಬೇಡ, ಆ ದುಡ್ಡು ಪಾಲಿಕಾರ್ಬೊನೇಟಿಗೆ ಹಾಕಿ.

ವರ್ಷವರ್ಷವೂ ಮೈನಸ್ ಏರುತ್ತಿರುವ ಮಗುವಿಗೆ ಈಗ ಬೇರೆ ಬಗೆಯ ಗಾಜುಗಳಿವೆ: ಹೋಯಾದ ಮಯೋಸ್ಮಾರ್ಟ್, ಎಸಿಲಾರಿನ ಸ್ಟೆಲೆಸ್ಟ್. ನಡುವೆ ಮಾಮೂಲಿ ಪವರ್, ಸುತ್ತ ಕಣ್ಣಿಗೆ ಕಾಣದಷ್ಟು ಚಿಕ್ಕ ಲೆನ್ಸುಗಳ ಗುಂಪು. ಹಾಂಗ್‌ಕಾಂಗಿನಲ್ಲಿ ಎರಡು ವರ್ಷ ನಡೆದ ಪ್ರಯೋಗದಲ್ಲಿ ಮೊದಲನೆಯದು ಮೈನಸ್ ಏರಿಕೆಯನ್ನು ಸುಮಾರು 52% ತಗ್ಗಿಸಿತು. ಚೀನಾದಲ್ಲಿ ಎರಡನೆಯದು, ದಿನಕ್ಕೆ 12 ಗಂಟೆ ಹಾಕಿಕೊಂಡ ಮಕ್ಕಳಲ್ಲಿ, 67%. ಆ ‘12 ಗಂಟೆ’ಯನ್ನು ಮರೆಯಬೇಡಿ. ಮಾಮೂಲಿಗಿಂತ ಹಲವು ಪಟ್ಟು ಬೆಲೆ ಕೊಟ್ಟು ಶಾಲೆಯಲ್ಲಿ ಮಾತ್ರ ಹಾಕಿಸಿದರೆ ಅಷ್ಟು ಫಲವಿಲ್ಲ. ಇದ್ದ ಮೈನಸ್ಸನ್ನು ಇವು ಇಳಿಸುವುದಿಲ್ಲ, ಓಟಕ್ಕೆ ಬ್ರೇಕು ಹಾಕುತ್ತವೆ ಅಷ್ಟೇ. ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಗೂ ಇದೇ ಮಾತು. ರಾತ್ರಿ ಮಲಗುವಾಗ ಒಂದು ಹನಿ, ಅದೂ ವೈದ್ಯರು ಬರೆದರೆ ಮಾತ್ರ. 0.01%, 0.05% ಎಂಬ ಬೇರೆ ಬೇರೆ ಶಕ್ತಿಗಳಿವೆ, ಪರೀಕ್ಷೆಗೆ ಬಳಸುವ 1% ಬಾಟಲಿಯೂ ಅದೇ ಹೆಸರಿನದು. ಮನೆಗೆ ತಂದ ಬಾಟಲಿಯ ಅಂಕಿಯನ್ನು ಚೀಟಿಯ ಜೊತೆ ಇಟ್ಟು ನೋಡದೆ ಹಾಕಬೇಡಿ.

ಇವೆಲ್ಲಕ್ಕಿಂತ ಅಗ್ಗದ್ದು ಬಯಲು. ಚೀನಾದ ಗುವಾಂಗ್‌ಜೌನಲ್ಲಿ ಶಾಲಾ ದಿನಕ್ಕೆ 40 ನಿಮಿಷ ಹೊರಾಂಗಣದ ಹೊತ್ತು ಸೇರಿಸಿದ ಶಾಲೆಗಳಲ್ಲಿ ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಬಂದವರು 30.4%, ಸೇರಿಸದ ಶಾಲೆಗಳಲ್ಲಿ 39.5%. ದಿನಕ್ಕೆ ಎರಡು ಗಂಟೆ ಹೊರಗೆ ಎಂಬುದು ಈಗಿನ ಸಲಹೆ. ಬಿಸಿಲಲ್ಲೇ ನಿಲ್ಲಬೇಕೆಂದಿಲ್ಲ, ಹೊಂಗೆಮರದ ನೆರಳಿನಲ್ಲೂ ಮನೆಯೊಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

ಬೇಸಿಗೆ: ಕರಿಗಾಜು, ಈಜುಕೊಳ, ತುರಿಕೆ

ಜಾತ್ರೆಯ ಕೂಲಿಂಗ್ ಗ್ಲಾಸ್ ಹಾಕದಿರುವುದೇ ಮೇಲು. ಕಪ್ಪು ಬಣ್ಣ ಬೇರೆ, ನೇರಳಾತೀತ ತಡೆ ಬೇರೆ. ಬರೀ ಬಣ್ಣದ ಗಾಜಿನ ಹಿಂದೆ ಕತ್ತಲೆಯೆಂದು ಪಾಪೆ ಹಿಗ್ಗುತ್ತದೆ, ತಡೆ ಇಲ್ಲದ ಕಿರಣ ಇನ್ನಷ್ಟು ಒಳಗೆ ಹೋಗುತ್ತದೆ. ‘ಯುವಿ 400’ ಎಂದಿರಬೇಕು, ಜೊತೆಗೆ ಕೆಟಗರಿ 2 ಅಥವಾ 3. ಕೆಟಗರಿ 3 ಎಂದರೆ ನೂರರಲ್ಲಿ 8ರಿಂದ 18 ಪಾಲು ಬೆಳಕು ಮಾತ್ರ ಒಳಗೆ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು, ಆದ್ದರಿಂದ ಯುವಿ ಮೀಟರ್ ಇರುವ ಅಂಗಡಿಯಲ್ಲಿ ಒಮ್ಮೆ ಇಟ್ಟು ನೋಡಿಸಿ. ಅಗಲ ಅಂಚಿನ ಟೋಪಿ ಇದ್ದರೆ ಅರ್ಧ ಕೆಲಸ ಆದಂತೆ, ಮೂರು ವರ್ಷದ ಮಗು ಕನ್ನಡಕ ಕಿತ್ತೆಸೆದರೂ ಟೋಪಿಯನ್ನು ಸಹಿಸಿಕೊಳ್ಳುತ್ತದೆ. ಬಿಸಿಲಿಗೆ ಕಪ್ಪಾಗುವ ಫೋಟೋಕ್ರೋಮಿಕ್ ಗಾಜಿನ ಗುಟ್ಟೊಂದು: ಸೆಕೆ ಹೆಚ್ಚಿದಷ್ಟೂ ಅದು ಕಡಿಮೆ ಕಪ್ಪಾಗುತ್ತದೆ. ಏಪ್ರಿಲ್ಲಿನ ರಾಯಚೂರಿಗಿಂತ ಡಿಸೆಂಬರಿನ ಮಡಿಕೇರಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನಬಹುದು.

ಈಜು ಗಾಗಲ್ ಖಂಡಿತ ಬೇಕು. ಪಟ್ಟಿ ಹಾಕದೆ ಬರೀ ಕಣ್ಣುಗೂಡಿಗೆ ಒತ್ತಿ ಕೈಬಿಡಿ, ಎರಡು ಕ್ಷಣ ಅಂಟಿ ನಿಂತರೆ ಅಳತೆ ಸರಿ. ಅಂಚು ಸಿಲಿಕೋನ್ ಇರಲಿ. ಒಳಬದಿಯನ್ನು ಬೆರಳಿನಿಂದ ಒರೆಸಿದರೆ ಮಂಜು ತಡೆಯುವ ಲೇಪ ಹೋಗುತ್ತದೆ, ಬರೀ ನೀರಿನಲ್ಲಿ ಅಲುಗಿಸಿ ತೊಳೆಯಿರಿ. ತೆಗೆಯುವಾಗ ಹಿಂದಿನ ಪಟ್ಟಿಯಿಂದ ತೆಗೆಯಬೇಕು. ಮುಂದಕ್ಕೆ ಎಳೆದು ಕೈ ಜಾರಿದರೆ ಕವಣೆಯಂತೆ ಬಂದು ಕಣ್ಣಿಗೇ ಬಡಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಈಜುವುದು ಬೇಡವೇ ಬೇಡ, ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕರಿಗುಡ್ಡೆಯನ್ನೇ (ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ) ತಿನ್ನಬಲ್ಲದು.

ಬೇಸಿಗೆಯ ಅಸಲಿ ಕಾಟ ಅಲರ್ಜಿ. ಐದರಿಂದ ಹದಿನೈದು ವಯಸ್ಸಿನವರಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಬಿಸಿಲು ಏರಿದಂತೆ ತಡೆಯಲಾರದ ತುರಿಕೆ, ಮಾಸಲು ಕೆಂಪು ಕಣ್ಣು, ನೂಲಿನಂತೆ ಎಳೆಯೆಳೆಯಾಗಿ ಬರುವ ಗೀಜು. ಮಳೆ ಬಿದ್ದು ಪಾರ್ಥೇನಿಯಂ ಹೂ ಬಿಟ್ಟಾಗ ಕೆಲವರಿಗೆ ಇನ್ನೊಂದು ಸುತ್ತು. ಇಲ್ಲಿ ದೊಡ್ಡ ಶತ್ರು ಮಗುವಿನ ಮುಷ್ಟಿ. ವರ್ಷಗಟ್ಟಲೆ ತಿಕ್ಕಿದರೆ ಕರಿಗುಡ್ಡೆ ತೆಳುವಾಗಿ ಮುಂದೆ ಚೂಪಾಗಿ ಬರುವ ಕೆರಟೊಕೋನಸ್ ಬರಬಹುದು. ತಣ್ಣೀರು ಬಟ್ಟೆ ಹತ್ತು ನಿಮಿಷ, ವೈದ್ಯರು ಬರೆದ ಒಲೊಪಟಡೀನ್ ಅಥವಾ ಕೆಟೊಟಿಫೆನ್ ಹನಿ: ಇವು ಕೆಲಸ ಮಾಡುತ್ತವೆ, ಆದರೆ ದಿನಾ ಹಾಕಿದರೆ. ತುರಿಸಿದಾಗ ಒಂದು ಹನಿ ಹಾಕಿ ‘ಏನೂ ಆಗಲಿಲ್ಲ’ ಎಂದು ಬಿಡುವುದರಿಂದಲೇ ಮುಂದಿನ ಅನಾಹುತಕ್ಕೆ ದಾರಿ.

ಆ ಅನಾಹುತ ಸ್ಟೀರಾಯ್ಡ್ ಹನಿ. ಹಾಕಿದ ಎರಡನೇ ದಿನಕ್ಕೆ ಕಣ್ಣು ಹಾಲಿನಂತೆ ಬೆಳ್ಳಗಾಗುತ್ತದೆ, ಮನೆಯವರಿಗೆ ಖುಷಿ. ಅದೇ ಹಳೇ ಬಾಟಲಿ ತೋರಿಸಿ ಚೀಟಿಯಿಲ್ಲದೆ ಮತ್ತೆ ಮತ್ತೆ ತಂದು ಹಾಕುತ್ತಾರೆ. ಒಳಗೆ ಕಣ್ಣಿನ ಒತ್ತಡ ನೋವಿಲ್ಲದೆ ಏರುತ್ತಿರುತ್ತದೆ. ತಿಳಿಯುವ ಹೊತ್ತಿಗೆ ಗ್ಲಾಕೋಮಾದಿಂದ ನರ ಸವೆದಿರುತ್ತದೆ, ಕೆಲವರಿಗೆ ಪೊರೆಯೂ ಬಂದಿರುತ್ತದೆ. ಡಬ್ಬಿಯ ಮೇಲೆ ಈ ಹೆಸರುಗಳನ್ನು ಹುಡುಕಿ: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್. ಆ್ಯಂಟಿಬಯಾಟಿಕ್ ಹನಿಯ ಬ್ರಾಂಡ್ ಹೆಸರಿಗೆ ‘ಡಿ’, ‘ಡಿಎಂ’ ಎಂಬ ಬಾಲ ಇದ್ದರೆ ಹಲವು ಸಲ ಅದು ಡೆಕ್ಸಾಮೆಥಾಸೋನ್ ಬೆರೆತದ್ದು. ಇವು ಕೆಟ್ಟ ಔಷಧಿಗಳೆಂದಲ್ಲ, ಕಣ್ಣಿನ ವೈದ್ಯರು ಎಷ್ಟು ದಿನ ಎಂದು ಬರೆದು, ಒತ್ತಡ ಅಳೆಯುತ್ತ ಕೊಟ್ಟರೆ ಕಣ್ಣು ಉಳಿಸುತ್ತವೆ. ಚೀಟಿಯಿಲ್ಲದೆ ಕೊಟ್ಟರೆ ವಾಪಸ್ ಕೊಟ್ಟು ಬನ್ನಿ. ಕೆಂಪು ತೆಗೆಯುವ ನಾಫಾಜೊಲಿನ್ ಹನಿಯೂ ಬೇಡ: ನಿಲ್ಲಿಸಿದ ಕೂಡಲೇ ಕೆಂಪು ಹೆಚ್ಚಾಗಿ ಮರಳುತ್ತದೆ, ಪುಟ್ಟ ಮಕ್ಕಳಿಗೆ ಅಪಾಯ ಕೂಡ.

ಮಳೆಗಾಲ

ಮದ್ರಾಸ್ ಐ ಬಹುಪಾಲು ಅಡಿನೊವೈರಸ್ಸಿನಂಥ ವೈರಸ್ಸುಗಳ ಕೆಲಸ. 2023ರ ಜುಲೈ, ಆಗಸ್ಟಿನಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹಬ್ಬಿದ್ದು ನೆನಪಿರಬಹುದು. ವೈರಸ್ಸಿಗೆ ಆ್ಯಂಟಿಬಯಾಟಿಕ್ ಹನಿ ನಾಟುವುದಿಲ್ಲ, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಕರಿ ಕನ್ನಡಕದಿಂದ ರೋಗಿಗೆ ಬೆಳಕಿನ ಚುಚ್ಚು ಕಡಿಮೆ, ಅಷ್ಟೇ. ನೋಡಿದರೆ ಹರಡುವ ಕಾಯಿಲೆಯಲ್ಲ ಇದು, ಕೈ, ಟವೆಲ್, ದಿಂಬಿನಿಂದ ಹರಡುವಂಥದ್ದು. ಕೊಳ್ಳಬೇಕಾದ್ದು ಸೋಪು, ಮಗುವಿಗೊಂದು ಪ್ರತ್ಯೇಕ ಟವೆಲ್. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಎಸೆಯಿರಿ. ಒಬ್ಬರ ಬಾಟಲಿಯನ್ನು ಇನ್ನೊಬ್ಬರಿಗೆ ಹಾಕಬೇಡಿ. ನೋವು, ಬೆಳಕು ನೋಡಲಾಗದಿರುವುದು, ಮಸುಕು ಇವುಗಳಲ್ಲಿ ಒಂದಿದ್ದರೂ ಅದೇ ದಿನ ತೋರಿಸಿ.

ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ತಂಪು, ತಕರಾರಿಲ್ಲ. ಅದರ ರಸ, ಎದೆಹಾಲು, ಜೇನು, ಹರಳೆಣ್ಣೆ ಕಣ್ಣೊಳಗೆ ಹೋಗಬಾರದು. ಕೀಟಾಣು ಸಮೇತ ಹೋಗುತ್ತದೆ. ಅಂಗಡಿಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕ ಉದಾಹರಣೆಗಳಿವೆ. ದೃಷ್ಟಿಬೊಟ್ಟು ಕೆನ್ನೆಗಿಟ್ಟರೆ ಸಾಕು.

ದೀಪಾವಳಿಯಿಂದ ಚಳಿಯವರೆಗೆ

ಪಟಾಕಿಗೆ ರಕ್ಷಣಾ ಕನ್ನಡಕ ಕೊಂಡರೆ ಫ್ರೇಮಿನ ಮೇಲೆ ‘ಝಡ್ 87’ (Z87) ಅಥವಾ ‘ಇಎನ್ 166’ (EN 166) ಎಂಬ ಸುರಕ್ಷತಾ ಮಾನದಂಡದ ಗುರುತು ಅಚ್ಚಾಗಿರಬೇಕು, ಪಕ್ಕದಲ್ಲೂ ಮರೆ ಇರಬೇಕು. ನಿಂತು ನೋಡುವ ಮಗುವಿಗೂ ಹಾಕಿ. ಹಚ್ಚುವವರಷ್ಟೇ ಅಲ್ಲ, ನೋಡುವವರೂ ಗಾಯಗೊಳ್ಳುತ್ತಾರೆ. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಪ್ರತಿ ದೀಪಾವಳಿಗೂ ಇಂಥ ಮಕ್ಕಳು ಬರುತ್ತಾರೆ. ಪೆಟ್ಟು ಬಿದ್ದ ಕಣ್ಣನ್ನು ತಿಕ್ಕಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ. ಪೇಪರ್ ಲೋಟವನ್ನು ಕಣ್ಣುಗೂಡಿನ ಮೂಳೆಗೆ ಆನಿಸಿ ಟೇಪ್ ಹಾಕಿ ಹೊರಡಿ. ಅರಿವಳಿಕೆ ಬೇಕಾಗಬಹುದು, ದಾರಿಯಲ್ಲಿ ತಿನ್ನಿಸಬೇಡಿ. ಸುಣ್ಣ ಬಿದ್ದರೆ ಮಾತ್ರ ಲೆಕ್ಕ ಉಲ್ಟಾ: ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಹಿಚುಕಿ ಆಡುವಾಗ ಮಕ್ಕಳ ಕಣ್ಣಿಗೆ ಚಿಮ್ಮುವುದುಂಟು. ಆಸ್ಪತ್ರೆಗೆ ಓಡುವ ಮೊದಲೇ ರೆಪ್ಪೆ ಬಿಡಿಸಿ ಹಿಡಿದು ನಲ್ಲಿ ನೀರನ್ನು ಅರ್ಧ ಗಂಟೆ ಬಿಡಬೇಕು, ಬಿಳಿ ಚೂರು ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು.

ಕಣ್ಣಿಗೆಂದು ಮಾರುವ ಲ್ಯೂಟೀನ್ ಗಮ್ಮಿಗಳು ದಂಡ. ವಿಟಮಿನ್ ಎ ಸರ್ಕಾರವೇ ಪುಕ್ಕಟೆ ಕೊಡುತ್ತದೆ: 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದ ತನಕ ಆರು ತಿಂಗಳಿಗೊಮ್ಮೆ 2 ಲಕ್ಷ, ಒಟ್ಟು 9 ಡೋಸ್. ತಾಯಿ ಕಾರ್ಡಿನಲ್ಲಿ ಎಷ್ಟು ಟಿಕ್ ಆಗಿದೆ ನೋಡಿ. ಇದರ ಮೇಲೆ ಇನ್ನೊಂದು ಸಿರಪ್ ಸುರಿದರೆ ಹೆಚ್ಚಾಗಿ ವಿಷವಾಗಬಹುದು. ನುಗ್ಗೆಸೊಪ್ಪು, ಪರಂಗಿ, ಕ್ಯಾರೆಟ್ ತಿನ್ನಿಸಿ, ಆದರೆ ಕ್ಯಾರೆಟ್ ತಿಂದು ನಂಬರ್ ಇಳಿಯುತ್ತದೆಂದು ಕಾಯಬೇಡಿ.

ಚಳಿಯ ಒಣಗಾಳಿಗೆ ಕಣ್ಣು ಕಿಸುರಾದರೆ 0.5% ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ ಸೌಮ್ಯ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಹನಿ ಕೆಡದಿರಲೆಂದು ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಇಲ್ಲದ್ದನ್ನು ಕೇಳಿ. ಒದ್ದಾಡುವ ಮಗುವಿಗೆ ಹಾಕುವ ಬಗೆ: ಅಂಗಾತ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಮೂಗಿನ ಕಡೆಯ ಮೂಲೆಯ ಗುಳಿಯಲ್ಲಿ ಒಂದು ಹನಿ ಇಡಿ. ಕಣ್ಣು ಬಿಟ್ಟ ಕೂಡಲೇ ಅದು ತಾನೇ ಒಳಗಿಳಿಯುತ್ತದೆ. ಎರಡು ಹನಿ ಹಾಕಿದರೆ ಎರಡನೆಯದು ಕೆನ್ನೆಗೆ ಹೋಗುತ್ತದೆ, ಕಣ್ಣಿಗೆ ಒಂದೇ ಹಿಡಿಸುವುದು. ಒಳಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧಿ ಗಂಟಲಿಗಿಳಿದು ಕಹಿಯಾಗುವುದಿಲ್ಲ. ಬೇರೆ ಹನಿ ಇದ್ದರೆ ಐದು ನಿಮಿಷ ಬಿಟ್ಟು. ಬಾಟಲಿ ತೆರೆದ ತಾರೀಕನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ತಿಂಗಳಾದರೆ ಅರ್ಧ ಉಳಿದಿದ್ದರೂ ಕಸಕ್ಕೆ.